ಕನ್ನಡಿ ಸರಿಯಿತ್ತು, ಕೊಳವೆ ಕೈಕೊಟ್ಟಿತ್ತು

ಮನೆಯಲ್ಲೇ ದೂರದರ್ಶಕ ಮಾಡುತ್ತೇವೆ ಅಂತ ಹೊರಟವರೆಲ್ಲ ಮೊದಲು ಕೇಳುವುದು ಕನ್ನಡಿಯ ಬಗ್ಗೆ. ಎಷ್ಟು ಇಂಚಿನದು, ಎಲ್ಲಿ ಸಿಗ್ತದೆ, ಎಷ್ಟಾಗ್ತದೆ? ಕೊಳವೆ ಬಗ್ಗೆ ಯಾರೂ ಕೇಳುವುದಿಲ್ಲ. ಯಾವುದೋ ಒಂದು ಪೈಪ್ ಸಾಕು ಅನ್ನುವ ಲೆಕ್ಕ. ನಮ್ಮ ಲೆಕ್ಕವೂ ಅದೇ ಇತ್ತು. ಅದರಿಂದಾಗಿ ಮಕ್ಕಳ ಮನೆಯವರು ನೂರು ಇನ್ನೂರು ಅಂತ ಕೂಡಿಸಿಕೊಟ್ಟ ದುಡ್ಡಿನಲ್ಲಿ ತಂದ ಒಳ್ಳೆಯ ಕನ್ನಡಿಯನ್ನೇ ವಾಪಸ್ ಕಳಿಸುವ ತನಕ ಬಂದಿದ್ದೆವು.

ನಾವು ಕರಾವಳಿಯವರು. ಪಾಠ ಹೇಳುತ್ತಿದ್ದುದು ಬಬಲೇಶ್ವರ ತಾಲೂಕಿನ ಮಮದಾಪುರದಲ್ಲಿ. ಗೋಳಗುಮ್ಮಟದಲ್ಲಿ ಮಲಗಿರುವ ಮುಹಮ್ಮದ್ ಆದಿಲ್ ಶಾಹನ ಹೆಸರೇ ಈ ಊರಿಗೆ. 1633ರಲ್ಲಿ ಅವನು ಕಟ್ಟಿಸಿದ ಕೆರೆ ಇಂದಿಗೂ ಇದೆ. ಕೆರೆ ದಂಡೆ ಮೇಲೆ ನಿಂತರೆ ಕಣ್ಣಿಗೆ ಅಡ್ಡ ಬರುವುದು ಏನೂ ಇಲ್ಲ; ನಮ್ಮ ಊರಿನ ಹಾಗೆ ತೆಂಗಿನ ಗರಿಗಳ ನಡುವೆ ನಕ್ಷತ್ರ ಹುಡುಕಬೇಕಿಲ್ಲ. ಆಕಾಶ ನೋಡಿಯೇ ಹುಡುಗರಿಗೆ ದೂರದರ್ಶಕದ ಆಸೆ ಹತ್ತಿದ್ದು.

ಆರು ಇಂಚಿನ ಕನ್ನಡಿ, ಅದರ ಫೋಕಸ್ ದೂರ 48 ಇಂಚು. ಬಾಗುಕನ್ನಡಿ ಬೆಳಕನ್ನು ಒಂದು ಬಿಂದುವಿಗೆ ತರುವ ಲೆಕ್ಕವನ್ನು ಇಬ್ನುಲ್ ಹೈಥಮ್ ಸಾವಿರ ವರ್ಷದ ಹಿಂದೆಯೇ ಬರೆದಿದ್ದರು. ಬಾಗುಕನ್ನಡಿಯಿಂದ ದೂರದರ್ಶಕ ಮಾಡಿ ತೋರಿಸಿದ್ದು ನ್ಯೂಟನ್, 1668ರಲ್ಲಿ. ಇದನ್ನೆಲ್ಲ ಮಕ್ಕಳಿಗೆ ಹೇಳುವಷ್ಟು ನಮಗೆ ಗೊತ್ತಿತ್ತು. ಕೊಳವೆ ಆರಿಸುವುದು ಮಾತ್ರ ಗೊತ್ತಿರಲಿಲ್ಲ.

ಪಕ್ಕದ ಹೊಲದವರು ಬೋರ್‌ವೆಲ್‌ಗೆ ಇಳಿಸಿ ಉಳಿದ ಕೇಸಿಂಗ್ ಪೈಪಿನ ತುಂಡು ಕೊಟ್ಟರು. ಪುಕ್ಕಟೆ ಸಿಕ್ಕಿದ್ದನ್ನು ಯಾರು ಬಿಡ್ತಾರೆ? 180 ಮಿಲಿಮೀಟರಿನ ಪಿವಿಸಿ, ಆರೂವರೆ ಮಿಲಿಮೀಟರ್ ದಪ್ಪದ ಗೋಡೆ. ಕನ್ನಡಿ ಒಳಗೆ ಕೂತಿತು, ಆದರೆ ಸುತ್ತಲೂ ಎಂಟು ಮಿಲಿಮೀಟರ್ ಜಾಗವೂ ಉಳಿಯಲಿಲ್ಲ. ತೂಕ ನೋಡಿದರೆ ಬರೀ ಪೈಪೇ ಆರೂವರೆ ಕೆಜಿ.

ಅದು 2018ರ ಮೇ ತಿಂಗಳು. ಗುರು ಗ್ರಹ ಹೆಚ್ಚುಕಡಿಮೆ ರಾತ್ರಿಯಿಡೀ ಆಕಾಶದಲ್ಲಿತ್ತು. ಇಶಾ ಮುಗಿಸಿ ಕೆರೆ ದಂಡೆಗೆ ಹೊತ್ತುಕೊಂಡು ಹೋದ್ವಿ. ಮೊದಲು ಕಣ್ಣಿಟ್ಟ ಹುಡುಗ ಕೂಗಿದ: "ಉಸ್ತಾದ್‌ರೀ, ಗುರು ಕುದಿಲಾಕತ್ತೈತ್ರಿ!" ನಾವೂ ನೋಡಿದೆವು. ಒಲೆ ಮೇಲಿಟ್ಟ ಗಂಜಿ ಥರ ಕುದಿಯುತ್ತಿತ್ತು. ಪಟ್ಟೆಯೂ ಇಲ್ಲ, ಅಂಚೂ ಇಲ್ಲ. ಮೂರು ರಾತ್ರಿ ಅದೇ ಹಣೆಬರಹ. ಕನ್ನಡಿ ಸರಿಯಾಗಿ ಉಜ್ಜಿಲ್ಲ ಅಂತ ತೀರ್ಮಾನಿಸಿ, ಕಳಿಸಲು ರಟ್ಟಿನ ಡಬ್ಬಿಯನ್ನೂ ಹುಡುಕಿಟ್ಟಾಯಿತು.

ಅಷ್ಟರಲ್ಲಿ ರಂಝಾನ್ ಶುರುವಾಗಿತ್ತು. ಒಂದು ದಿನ ಸಹರಿಗೆ ಎದ್ದಾಗ ದೂರದರ್ಶಕ ರಾತ್ರಿಯಿಂದ ಅಂಗಳದಲ್ಲೇ ಉಳಿದುಬಿಟ್ಟಿತ್ತು. ಸುಮ್ಮನೆ ತಿರುಗಿಸಿ ನೋಡಿದೆವು. ಗುರು ಪಶ್ಚಿಮಕ್ಕೆ ಇಳಿದಿತ್ತು, ಇಳಿದಷ್ಟೂ ಬಿಂಬ ಹಾಳಾಗಬೇಕು. ಆದರೆ ಎರಡು ಪಟ್ಟೆ ಗೆರೆ ಎಳೆದ ಹಾಗೆ ಕಂಡವು! ಕನ್ನಡಿ ಅದೇ, ಕಣ್ಣೂ ಅದೇ. ಬದಲಾಗಿದ್ದು ಪೈಪಿನ ಬಿಸಿ ಒಂದೇ.

ಆಮೇಲೆ ಅರ್ಥವಾಯಿತು. ಬೆಳಕು ಕೊಳವೆಯೊಳಗೆ ಇಳಿದು, ಕನ್ನಡಿಗೆ ಬಡಿದು, ಮತ್ತೆ ಮೇಲಕ್ಕೆ ಬರುತ್ತದೆ. ಅಂದರೆ ಒಳಗಿನ ಗಾಳಿಯನ್ನು ಎರಡು ಸಲ ದಾಟಬೇಕು. ಮೇ ತಿಂಗಳಲ್ಲಿ ಇಲ್ಲಿ ಹಗಲು 40 ಡಿಗ್ರಿ, ರಾತ್ರಿ ಅದು ಗಡಗಡ ಇಳಿಯುತ್ತದೆ. ಹಗಲೆಲ್ಲ ತಗಡಿನ ಶೆಡ್ಡಿನಲ್ಲಿ ಕಾದ ದಪ್ಪ ಪ್ಲಾಸ್ಟಿಕ್ ಮಧ್ಯರಾತ್ರಿ ತನಕ ಬಿಸಿ ಬಿಡುತ್ತಲೇ ಇರುತ್ತದೆ. ಆ ಬಿಸಿಗಾಳಿ ಒಳಗೋಡೆ ಹಿಡಿದು ಮೇಲೇರುತ್ತದೆ. ಜಾಗ ಇಕ್ಕಟ್ಟಾದ್ದರಿಂದ ಬೆಳಕಿನ ದಾರಿಗೇ ಅಡ್ಡ. ಬೇಸಿಗೆಯ ಡಾಂಬರು ರಸ್ತೆ ಮೇಲೆ ಗಾಳಿ ನಡುಗುವುದಿಲ್ಲವೇ, ಅದೇ. ಸಾಲದ್ದಕ್ಕೆ ನಾವು ನಿಂತಿದ್ದು ಹಗಲಿಡೀ ಕಾದ ಕಲ್ಲಿನ ಮೇಲೆ. ಮುಂದೆ ಮಣ್ಣಿನ ಹೊಲಕ್ಕೆ ಜಾಗ ಬದಲಿಸಿದೆವು.

ಹಾಗಾದರೆ ಯಾವುದು ಬೇಕು? ತಗಡು ಯೋಚಿಸಿದೆವು. ಟ್ರಂಕ್ ಮಾಡುವವರು ಒಂದು ದಿನದಲ್ಲಿ ಸುತ್ತಿಕೊಡುತ್ತಾರೆ, ಅಗ್ಗ. ಆದರೆ ಲೋಹ ಬೇಗ ಕಾಯುತ್ತದೆ, ರಾತ್ರಿ ಸುತ್ತಲಿನ ಗಾಳಿಗಿಂತಲೂ ತಣ್ಣಗಾಗಿ ಇನ್ನೊಂದು ತರದ ಗಾಳಿ ಎಬ್ಬಿಸುತ್ತದೆ, ತಾಗಿದರೆ ತಗ್ಗು ಬೀಳುತ್ತದೆ. ಅಲ್ಯೂಮಿನಿಯಂ ಹಗುರ, ಜೇಬಿಗೆ ಭಾರ. ಅಮೆರಿಕದ ಜಾನ್ ಡಾಬ್ಸನ್ ಎಂಬವರು ಕಂಬಕ್ಕೆ ಕಾಂಕ್ರೀಟ್ ಸುರಿಯುವ ದಪ್ಪ ರಟ್ಟಿನ ಕೊಳವೆಯಲ್ಲೇ ದೊಡ್ಡ ದೊಡ್ಡ ದೂರದರ್ಶಕ ಮಾಡಿ, ಸ್ಯಾನ್ ಫ್ರಾನ್ಸಿಸ್ಕೋದ ಬೀದಿಯಲ್ಲಿ ನಿಲ್ಲಿಸಿ ದಾರಿಹೋಕರಿಗೆ ತೋರಿಸುತ್ತಿದ್ದರು. ರಟ್ಟು ಬಿಸಿ ಹಿಡಿದಿಡುವುದಿಲ್ಲ, ಒಳ್ಳೆಯದೇ. ನಮ್ಮ ಕಡೆ ಕಂಬಕ್ಕೆ ಹಲಗೆ, ತಗಡಿನ ಅಚ್ಚು. ಆ ರಟ್ಟು ಎಲ್ಲಿಂದ ತರುವುದು?

ಕೊನೆಗೆ ಬಡಿಗಿ ಕೆಲಸದವರ ಹತ್ತಿರ ಹೋದೆವು. ಕೊಳವೆ ದುಂಡಗೇ ಇರಬೇಕು ಅಂತ ಯಾರು ಹೇಳಿದ್ದು? ಆರು ಮಿಲಿಮೀಟರ್ ಪ್ಲೈವುಡ್‌ನ ನಾಲ್ಕು ಹಲಗೆ, ಒಳಗೆ 190 ಮಿಲಿಮೀಟರ್ ಚೌಕ, 51 ಇಂಚು ಉದ್ದ. "ಇದೇನು ಕಾಳು ತುಂಬೋ ಪೆಟ್ಟಿಗೀನ್ರೀ?" ಅಂತ ಅವರು ನಕ್ಕರು. ತೂಕ ನಾಲ್ಕು ಕೆಜಿ ಒಳಗೆ. ಮರ ಬಿಸಿಯನ್ನು ಒಳಗೆ ಸುಲಭವಾಗಿ ಬಿಡುವುದಿಲ್ಲ, ಏರುವ ಗಾಳಿ ನಾಲ್ಕು ಮೂಲೆ ಹಿಡಿದು ಹೋಗುತ್ತದೆ. ಒಳಗೆ ಶಾಲೆಯ ಕರಿಹಲಗೆಗೆ ಬಳಿಯುವ ಪೇಂಟ್, ಅದು ಹೊಳೆಯುವುದಿಲ್ಲ. ಕನ್ನಡಿಯ ಹಿಂಭಾಗ ಮುಚ್ಚದೆ ಬಿಟ್ಟು, ಹಳೆ ಕಂಪ್ಯೂಟರಿನ ಸಣ್ಣ ಫ್ಯಾನ್ ಕೂರಿಸಿದೆವು. ಮಗ್ರಿಬ್ ಆದ ಕೂಡಲೇ ಹೊರಗಿಟ್ಟರೆ ಇಶಾ ಮುಗಿಸಿ ಬರುವಷ್ಟರಲ್ಲಿ ತಯಾರು.

ತೂತು ಕೊರೆಯುವ ಮೊದಲು ಒಂದು ಮಾತು. 48 ಇಂಚಿನಲ್ಲಿ ಕೊಳವೆಯ ಅರ್ಧ ಅಗಲ 4 ಇಂಚು, ಕಣ್ಣಿಡುವ ಫೋಕಸರಿನ ಎತ್ತರ 3 ಇಂಚು ಕಳೆಯಿರಿ. ಕನ್ನಡಿಯಿಂದ 41 ಇಂಚಿಗೆ ತೂತು. ಆದರೆ ಚೀಟಿಯಲ್ಲಿ ಬರೆದ ಫೋಕಸ್ ನಂಬಬೇಡಿ. ಚಂದ್ರನ ಬಿಂಬವನ್ನು ಕಾಗದದ ಮೇಲೆ ಬೀಳಿಸಿ ನೀವೇ ಅಳೆಯಿರಿ. ಸೂರ್ಯನ ಕಡೆ ಮಾತ್ರ ಯಾವತ್ತೂ ತಿರುಗಿಸಬಾರದು. ಪೆರ್ನಾಲ್ ಚಂದ್ರ ನೋಡುವ ಅವಸರದಲ್ಲಿ ಸೂರ್ಯ ಪೂರ್ತಿ ಮುಳುಗುವ ಮೊದಲೇ ಕಣ್ಣಿಡುವವರಿದ್ದಾರೆ, ಕಣ್ಣೇ ಹೋಗುತ್ತದೆ.

ಇದನ್ನು ಓದಿ ಮಂಗಳೂರು, ಉಳ್ಳಾಲದ ಕಡೆಯವರು ಪ್ಲೈವುಡ್ ಅಂಗಡಿಗೆ ಓಡಬೇಡಿ. ಮರುವರ್ಷ ಅದೇ ಪೆಟ್ಟಿಗೆಯನ್ನು ಊರಿಗೆ ತಂದು ಜೂನ್‌ನಲ್ಲಿ ಮಂಚದಡಿ ಇಟ್ಟೆವು. ಮಳೆ ಮುಗಿಯುವಾಗ ಪದರ ಎದ್ದು, ಮೂಲೆ ಬಿಟ್ಟುಕೊಂಡಿತ್ತು. ಪ್ಲೈವುಡ್ಡೇ ಬೇಕಾದರೆ ಐಎಸ್ 710 ಗುರುತಿನ ಮೆರೈನ್ ಪ್ಲೈ ತನ್ನಿ, ಅಂಚಿಗೆಲ್ಲ ವಾರ್ನಿಶ್ ಕುಡಿಸಿ. ನಮ್ಮ ಮಟ್ಟಿಗೆ ಕರಾವಳಿಗೆ ಮಮದಾಪುರದಲ್ಲಿ ಸೋತ ಪಿವಿಸಿಯೇ ಲೇಸು. ಇಲ್ಲಿ ಹಗಲಿಗೂ ರಾತ್ರಿಗೂ ಬಿಸಿಯ ಅಂತರ ಕಡಿಮೆ, ನೀರು ಹೀರುವ ಭಯವಿಲ್ಲ, ಉಪ್ಪುಗಾಳಿಗೆ ತುಕ್ಕಿಲ್ಲ. ಆದರೆ ಕೇಸಿಂಗ್ ಪೈಪ್ ಬೇಡ. 200 ಮಿಲಿಮೀಟರಿನ, ನಾಲ್ಕು ಮಿಲಿಮೀಟರ್ ಗೋಡೆಯ ತೆಳು ಪೈಪ್ ಕೇಳಿ. 51 ಇಂಚಿಗೆ ನಾಲ್ಕೂವರೆ ಕೆಜಿ, ಕನ್ನಡಿಯ ಸುತ್ತ ಎರಡು ಸೆಂಟಿಮೀಟರಿನಷ್ಟು ಜಾಗ.

ಈಗ ಮಮದಾಪುರದಲ್ಲಿ ಹೊಸ ಪೆಟ್ಟಿಗೆ, ಊರಿನ ಮನೆಯಲ್ಲಿ ಪೈಪ್. ಎರಡಕ್ಕೂ ತೂತು 41 ಇಂಚಿಗೇ. ಕನ್ನಡಿ ಮಾತ್ರ ಒಂದೇ, ಅದು ವಾಪಸ್ ಹೋಗಲಿಲ್ಲ. ರಜೆಗೆ ಬರುವಾಗ ಬನಿಯನ್ ಬಟ್ಟೆಯಲ್ಲಿ ಸುತ್ತಿ, ಬಸ್ಸಿನಲ್ಲಿ ಮಡಿಲ ಮೇಲಿಟ್ಟುಕೊಂಡು ಬರುತ್ತೇವೆ.