ಓದು ಬೆಸೆದ ಗೆಳೆತನ

ಆಲಮೇಲದಿಂದ ಇಂಡಿಯವರೆಗೆ, ಇಂಡಿಯಿಂದ ಚಡಚಣದವರೆಗೆ ಹಬ್ಬಿದ ಕರಿಯ ನೆಲದಲ್ಲಿ ಜೋಳ ಆಳೆತ್ತರಕ್ಕೆ ನಿಂತಾಗ ಹಾದಿಹೋಕನಿಗೆ ಪಕ್ಕದ ಊರು ಕಾಣಿಸುವುದಿಲ್ಲ. ಗುಡಿಯ ಶಿಖರವೋ ಮಸೀದಿಯ ಗುಮ್ಮಟವೋ ತೆನೆಗಳ ಮೇಲೆ ತಲೆಯೆತ್ತಿದಾಗ ಊರು ಹತ್ತಿರ ಬಂತೆಂದು ತಿಳಿಯಬೇಕು. ಈ ಬಯಲಿನ ಉತ್ತರದ ಅಂಚಿನಲ್ಲಿ ಭೀಮೆ ಹರಿಯುತ್ತಾಳೆ.

ಇಂದು ಆಲಮೇಲದ ತರುಣನೊಬ್ಬ ತನಗೆ ಮೆಚ್ಚಾದ ಕಾದಂಬರಿಯ ಹೆಸರನ್ನು ಅಂಗೈಯಗಲದ ಫೋನಿನ ಮೂಲಕ ಮುಂಬಯಿಯಲ್ಲಿರುವ, ತಾನೆಂದೂ ಮುಖ ಕಾಣದ ಓದುಗನಿಗೆ ಕ್ಷಣಮಾತ್ರದಲ್ಲಿ ತಿಳಿಸಬಲ್ಲ. ಇಬ್ಬರೂ ಮೆಚ್ಚಿದ ಲೇಖಕನೊಬ್ಬನೇ ಆದರೆ ಗೆಳೆತನವೂ ಕುದುರುತ್ತದೆ. ಇದನ್ನು ಈ ಕಾಲಕ್ಕೇ ಮೀಸಲಾದ ಚಮತ್ಕಾರವೆಂದು ಬಗೆಯುವವರುಂಟು. ಸಾಧನವೇನೋ ಹೊಸದು. ಆದರೆ ಓದಿನ ಮೆಚ್ಚಿಕೆಯೊಂದನ್ನೇ ಬಂಡವಾಳವಾಗಿಟ್ಟುಕೊಂಡು ಗೆಳೆತನ ಕಟ್ಟಿದವರು ಇದೇ ಬಯಲಿನಲ್ಲಿ ನೂರು ವರ್ಷಗಳ ಹಿಂದೆ ಇದ್ದರು. ಅವರ ಊರು ಆಲಮೇಲಕ್ಕೆ ವಾಯವ್ಯದಲ್ಲಿ, ಆಗ ಇಂಡಿ ತಾಲೂಕಿನಲ್ಲಿದ್ದ ಹಲಸಂಗಿ. ಅವರನ್ನು ಕನ್ನಡ ನಾಡು 'ಹಲಸಂಗಿಯ ಗೆಳೆಯರು' ಎಂದೇ ಕರೆಯಿತು. ಊರಿನ ಹೆಸರಿನ ಮುಂದೆ ಪಂಡಿತರು, ಕವಿಗಳು, ಗವಾಯಿಗಳು ಎಂಬ ಪದಗಳು ಬರುವುದುಂಟು. ಗೆಳೆಯರು ಎಂಬ ಪದ ಬಂದದ್ದು ವಿರಳ.

ಗೆಳೆಯರಲ್ಲಿ ಹಿರಿಯ ಹೆಸರು ಚೆನ್ನಮಲ್ಲಪ್ಪ ಗಲಗಲಿಯವರದು. 1903ರಲ್ಲಿ ಹುಟ್ಟಿದ ಇವರೇ ಮುಂದೆ 'ಮಧುರಚೆನ್ನ' ಎಂಬ ಕಾವ್ಯನಾಮದಿಂದ ಪ್ರಸಿದ್ಧರಾದರು. 1905ರಲ್ಲಿ ಚಡಚಣದಲ್ಲಿ ಜನಿಸಿದ ಸಿಂಪಿ ಲಿಂಗಣ್ಣನವರು ಕನ್ನಡ ಶಾಲೆಯ ಮಾಸ್ತರರು. ಇವರೊಡನೆ ಪಿ. ಧೂಲಾಸಾಹೇಬರು ಮತ್ತು ಕಾಪಸೆ ರೇವಪ್ಪನವರು. ಇವರಲ್ಲಿ ಯಾರೂ ಕಾಲೇಜಿನ ಮೆಟ್ಟಿಲು ಹತ್ತಿ ಪದವಿ ತಂದವರಲ್ಲ. ಆಗಿನ ಮುಂಬಯಿ ಇಲಾಖೆಯ ಹಳ್ಳಿಗಳಲ್ಲಿ ಕನ್ನಡ ಏಳನೆಯ ಇಯತ್ತೆ, ಎಂದರೆ ಮುಲ್ಕಿ ಪರೀಕ್ಷೆ, ಮುಗಿಯಿತೆಂದರೆ ಓದು ಮುಗಿಯಿತೆಂದೇ ಅರ್ಥ. ಆ ಪ್ರಮಾಣಪತ್ರ ಕೈಗೆ ಬಂದರೆ ಮಾಸ್ತರಿಕೆ ಸಿಕ್ಕೀತು, ಇಲ್ಲವೆ ಹೊಲಮನೆಯ ಕೆಲಸ ಇದ್ದೇ ಇತ್ತು. ಮಧುರಚೆನ್ನರು ಮುಲ್ಕಿಯ ಆಚೆಗೆ ಕಲಿತದ್ದೆಲ್ಲ ಸ್ವಂತ ದುಡಿಮೆಯಿಂದ. ಇಂಗ್ಲಿಷನ್ನೂ ಹಾಗೆಯೇ ಕಲಿತರು. ಇಂಗ್ಲಿಷ್ ಶಾಲೆಯಿಲ್ಲದ ಹಳ್ಳಿಯಲ್ಲಿ ಕುಳಿತು, ಕೋಶವನ್ನು ಮಗ್ಗುಲಿಗಿಟ್ಟುಕೊಂಡು ಟಾಲ್‌ಸ್ಟಾಯ್, ರವೀಂದ್ರ, ಅರವಿಂದರಂಥವರನ್ನು ಓದಹೊರಡುವುದೆಂದರೆ ಏನೆಂಬುದನ್ನು ಇಂದಿನ ವಿದ್ಯಾರ್ಥಿ ಊಹಿಸಿಕೊಳ್ಳುವುದೂ ಕಷ್ಟ.

ಒಬ್ಬನೇ ಓದುವವನಿಗೆ ಇಂಥ ಹಟ ಬಹುಕಾಲ ನಿಲ್ಲುವುದಿಲ್ಲ. ಹೊಟ್ಟೆಪಾಡಿನ ಗಾಳಿಗೆ ದೀಪ ನಂದುತ್ತದೆ. ಹಲಸಂಗಿಯಲ್ಲಿ ಅದು ನಂದದಿದ್ದುದಕ್ಕೆ ಕಾರಣ ಓದುವವನು ಒಬ್ಬನಲ್ಲದ್ದು. ಗೆಳೆಯರು ಊರಿನಲ್ಲಿ 'ಶಾರದಾ ವಾಚನಾಲಯ'ವನ್ನು ನಡೆಸಿದರು. ವಾಚನಾಲಯವೆಂದೊಡನೆ ಗಾಜಿನ ಕಪಾಟು, ಉದ್ದನೆಯ ಮೇಜು, ಗೋಡೆಯ ಗಡಿಯಾರವನ್ನು ಕಣ್ಣಮುಂದೆ ತಂದುಕೊಳ್ಳಬೇಕಾಗಿಲ್ಲ. ಹಳ್ಳಿಯ ವಾಚನಾಲಯದ ನಿಜವಾದ ಆಸ್ತಿ ಪುಸ್ತಕಗಳ ಸಂಖ್ಯೆಯಲ್ಲ, ಪ್ರತಿಯೊಂದು ಪುಸ್ತಕಕ್ಕೆ ಕಾದು ನಿಂತವರ ಸಂಖ್ಯೆ. ಧಾರವಾಡದಿಂದಲೋ ವಿಜಾಪುರದಿಂದಲೋ ಒಂದು ಕಟ್ಟು ಟಪಾಲಿನಲ್ಲಿ ಹೊರಟರೆ ಗದಗ-ಹೋಟಗಿ ಮೀಟರ್ ಗೇಜ್ ಹಾದಿಯ ರೈಲು ಹತ್ತಬೇಕು, ನಿಲ್ದಾಣದಿಂದ ಮುಂದೆ ಟಪಾಲಿನವನ ಚೀಲ ಸೇರಬೇಕು. ಅಷ್ಟು ದೂರ ಸವೆಸಿ ಬಂದ ಪುಸ್ತಕವನ್ನು ಒಬ್ಬನೇ ಮೂಲೆಯಲ್ಲಿ ಕುಳಿತು ಓದಿ ಮುಚ್ಚಿಡುವುದು ಆ ಕಾಲದ ಹಳ್ಳಿಯ ರೀತಿಯೇ ಅಲ್ಲ. ಒಬ್ಬ ಗಟ್ಟಿಯಾಗಿ ಓದುತ್ತಿದ್ದರೆ ಉಳಿದವರು ಕೇಳಬೇಕು, ನಡುವೆ ತಡೆದು ಕೇಳಬೇಕು, ಜಗಳವನ್ನೂ ಆಡಬೇಕು. ಪುರಾಣ ಕೇಳಿ ರೂಢಿಯಾದ ಕಟ್ಟೆಗಳಿಗೆ ಇದು ಅಪರಿಚಿತವೂ ಆಗಿರಲಿಲ್ಲ.

ಸುತ್ತಲಿನ ಗಾಳಿಯೂ ಅನುಕೂಲವಾಗಿತ್ತು. ವಿಜಾಪುರದಲ್ಲಿ ವಕೀಲ ಫ. ಗು. ಹಳಕಟ್ಟಿಯವರು ಓಲೆಗರಿಗಳ ಬೆನ್ನುಹತ್ತಿ 1923ರಲ್ಲಿ 'ವಚನಶಾಸ್ತ್ರಸಾರ'ವನ್ನು ಹೊರತಂದಿದ್ದರು. 1926ರಲ್ಲಿ 'ಶಿವಾನುಭವ' ಪತ್ರಿಕೆಯನ್ನು ಆರಂಭಿಸಿದರು. ಧಾರವಾಡದಲ್ಲಿ ದ. ರಾ. ಬೇಂದ್ರೆಯವರ ಸುತ್ತ 'ಗೆಳೆಯರ ಗುಂಪು' ಕೂಡಿತ್ತು. ಬೆಟಗೇರಿ ಕೃಷ್ಣಶರ್ಮ, ಶಂ. ಬಾ. ಜೋಶಿ, ವಿ. ಕೃ. ಗೋಕಾಕ, ರಂ. ಶ್ರೀ. ಮುಗಳಿಯವರಂಥ ತರುಣರು ಅಲ್ಲಿದ್ದರು. ಧಾರವಾಡಕ್ಕೆ ಕಾಲೇಜಿತ್ತು, ಮುದ್ರಣಾಲಯಗಳಿದ್ದವು, 1890ರಿಂದ ವಿದ್ಯಾವರ್ಧಕ ಸಂಘವಿತ್ತು. ಹಲಸಂಗಿಗೆ ಇವೊಂದೂ ಇರಲಿಲ್ಲ. ಆದರೂ ಧಾರವಾಡದ ಗುಂಪಿನ ಹಿರಿಯ ಕವಿಯೇ ಹಲಸಂಗಿಯವರ ನಂಟನ್ನು ಬಯಸಿ ಬೆಳೆಸಿದರು. ಬೇಂದ್ರೆಯವರು ಆದರದಿಂದ ನೆನೆಯುತ್ತಿದ್ದ ಲೇಖಕರು ಅರವಿಂದರು, ರವೀಂದ್ರರು, ಖಲೀಲ್ ಗಿಬ್ರಾನ್ ಮತ್ತು ಐರ್ಲೆಂಡಿನ ಕವಿ ಎ. ಇ. ಮಧುರಚೆನ್ನರಿಗೂ ಅರವಿಂದರೇ ಬಾಳಿನ ಆಸರೆಯಾದರು. ದೂರದೂರಿನ ಇಬ್ಬರನ್ನು ಮೂರನೆಯ ಊರಿನ ಒಬ್ಬ ಲೇಖಕ ಕೂಡಿಸಿದ ಕಥೆಯಿದು. ಆ ಲೇಖಕ ಪಾಂಡಿಚೇರಿಯ ಕೋಣೆಯೊಂದರಲ್ಲಿ 1926ರಿಂದ ಏಕಾಂತವಾಸದಲ್ಲಿದ್ದು, ವರ್ಷಕ್ಕೆ ಕೆಲವೇ ದಿನ ದರ್ಶನ ಕೊಡುತ್ತಿದ್ದವರು.

ಆದರೆ ಹಲಸಂಗಿಯ ಓದುಗರು ಮೆಚ್ಚಿದ ಮತ್ತೊಬ್ಬ ಲೇಖಕರಿದ್ದರು. ಅವರ ಹೆಸರು ಯಾವ ಪುಸ್ತಕದ ಮೇಲೂ ಇರಲಿಲ್ಲ. ಅವರಿಗೆ ಅಕ್ಷರವೂ ಬರುತ್ತಿರಲಿಲ್ಲ.

ನಸುಕಿನಲ್ಲಿ, ಗಂಡಸರು ಏಳುವ ಮೊದಲೇ, ಊರಿನ ಮನೆಮನೆಗಳಲ್ಲಿ ಬೀಸುಕಲ್ಲು ತಿರುಗಲಾರಂಭಿಸುತ್ತಿತ್ತು. ಅಂದಿನ ರೊಟ್ಟಿಗೆ ಅಂದೇ ಹಿಟ್ಟಾಗಬೇಕು. ಕಲ್ಲಿನ ಗೂಟ ಹಿಡಿದವಳು ಅತ್ತೆಮನೆಗೆ ಬಂದ ಸೊಸೆ, ಎದುರಿಗೆ ನೆರೆಮನೆಯ ಗೆಳತಿಯೋ ನಾದಿನಿಯೋ. ಕೈಯ ಬೇಸರ ಕಳೆಯಲು ಬಾಯಿಗೆ ಹಾಡು. ತವರಿನ ನೆನಪು, ಕರೆಯಲು ಬಾರದ ಅಣ್ಣ, ತೊಟ್ಟಿಲ ಕಂದ, ಶ್ರೀಶೈಲದ ಮಲ್ಲಯ್ಯ, ಮನೆಯವನ ಮೇಲಿನ ಮುನಿಸು, ಬಂಜೆಯ ಸಂಕಟ — ಎಲ್ಲವೂ ಮೂರೇ ಸಾಲುಗಳಲ್ಲಿ. ಈ ತ್ರಿಪದಿ ನಿನ್ನೆ ಮೊನ್ನೆಯದಲ್ಲ. ಆಗ ಇದೇ ವಿಜಾಪುರ ಜಿಲ್ಲೆಗೆ ಸೇರಿದ್ದ ಬಾದಾಮಿಯ ಬಂಡೆಯ ಮೇಲೆ ಕಪ್ಪೆ ಅರಭಟ್ಟನನ್ನು ಹೊಗಳಿ ಸುಮಾರು 1300 ವರ್ಷಗಳ ಹಿಂದೆ ಕೆತ್ತಿದ ಶಾಸನದಲ್ಲಿಯೂ ಇರುವುದು ತ್ರಿಪದಿಯೇ. ಬಂಡೆಯ ಮೇಲಿನದನ್ನು ವಿದ್ವಾಂಸರು ಓದಿ ಬೆರಗಾದರು. ಬೀಸುಕಲ್ಲಿನ ಮೇಲಿನದನ್ನು ದಿನವೂ ಕೇಳುತ್ತಿದ್ದ ಮನೆಯ ಗಂಡಸರು ಮಗ್ಗುಲು ಬದಲಿಸಿ ನಿದ್ದೆ ಹೋದರು.

ಓದು ಬಂದವರ ಅಲಕ್ಷ್ಯ ಇನ್ನೂ ದೊಡ್ಡದು. ಉತ್ತರ ಕರ್ನಾಟಕದ ಊರುಗಳಲ್ಲಿ ಆಗ ಮರಾಠಿ ನಾಟಕದ ಪದಗಳನ್ನು ಗುನುಗುವುದು ಸುಸಂಸ್ಕೃತರ ಲಕ್ಷಣವಾಗಿತ್ತು. ಹೆಂಗಸರ ಹಾಡು ಹಾಡೇ ಅಲ್ಲ ಎಂಬ ಭಾವನೆ. ಕನ್ನಡದ ಜನಪದ ಹಾಡುಗಳನ್ನು ಬರೆದಿಟ್ಟವರಲ್ಲಿ ಮೊದಲಿಗರು ಪರದೇಶದವರೇ. ಚಾರ್ಲ್ಸ್ ಗೋವರ್ 1871ರಲ್ಲಿ ದಕ್ಷಿಣ ಭಾರತದ ಜನಪದ ಗೀತಗಳ ಪುಸ್ತಕ ಪ್ರಕಟಿಸಿದ. ಅಧಿಕಾರಿಯಾಗಿದ್ದ ಜೆ. ಎಫ್. ಫ್ಲೀಟ್ ಈ ಭಾಗದ ಲಾವಣಿಗಳನ್ನು ಸಂಗ್ರಹಿಸಿ ಅಚ್ಚುಮಾಡಿಸಿದ. ಅವರ ಪರಿಶ್ರಮ ಮೆಚ್ಚತಕ್ಕದ್ದೇ. ಆದರೆ ಹೊರಗಿನವನಿಗೆ ಚಾವಡಿಯಲ್ಲಿ ಹಾಡುವ ಲಾವಣಿ ಸಿಕ್ಕೀತು. ಅಡುಗೆಮನೆಯ ಕತ್ತಲಲ್ಲಿ ಹುಟ್ಟುವ ಹಾಡು ಸಿಕ್ಕೀತೆ?

ಹಲಸಂಗಿಯ ಗೆಳೆಯರಿಗೆ ಅದು ಸಿಕ್ಕಿತು. ಟಾಲ್‌ಸ್ಟಾಯ್, ರವೀಂದ್ರರನ್ನು ಓದಿದ ಬಳಿಕ ಮನೆಯ ಹಾಡು ಸಣ್ಣದಾಗಿ ಕಾಣಿಸುವುದು ಲೋಕರೂಢಿ. ಇವರಿಗಾದುದು ವಿಪರೀತ: ದೊಡ್ಡವರನ್ನು ಓದಿ ಹದಗೊಂಡ ಕಿವಿಗೆ ಆ ಮೂರು ಸಾಲುಗಳ ಘನತೆ ಕೇಳಿಸಿತು. ಒಬ್ಬನಿಗೆ ಕೇಳಿಸಿದುದು ಉಳಿದವರಿಗೂ ಕೇಳಿಸಿದುದೇ ಇಲ್ಲಿ ಮುಖ್ಯ. ಹೆಂಗಸರ ಹಾಡನ್ನು ಬರೆದುಕೊಳ್ಳಹೊರಟ ಒಂಟಿ ಗಂಡಸನ್ನು ಊರು ನಕ್ಕು ಮೂಲೆಗೆ ಸೇರಿಸೀತು. ನಾಲ್ವರು ಕೂಡಿದಾಗ ಅದು ಹುಚ್ಚಾಗದೆ ಕೆಲಸವೆನಿಸಿತು.

ಕೆಲಸ ಸುಲಭವಾಗಿರಲಿಲ್ಲ. ಹಾಡು ಕೇಳಹೋದವರಿಗೆ ಎಲ್ಲೆಡೆಯೂ ಎದುರಾಗುವ ತೊಡಕೆಂದರೆ, ಹಾಡು ಬೇಕೆಂದು ಕುಳಿತರೆ ಹಾಡು ಬಾರದು. ಕೈಯಲ್ಲಿ ಕಲ್ಲಿನ ಗೂಟವಿದ್ದರೆ ನೂರು ನುಡಿ ಹೊರಡಿಸುವವಳು ಸುಮ್ಮನೆ ಕುಳಿತರೆ ನಾಲ್ಕಕ್ಕೇ ತಡವರಿಸುತ್ತಾಳೆ. ಕಲ್ಲು ತಿರುಗುತ್ತಿರುವಾಗ ಬರೆಯುವವನ ಲೆಕ್ಕಣಿಕೆ ಹಾಡಿನ ಹಿಂದೆ ಓಡಿ ದಣಿಯುತ್ತದೆ. ಇನ್ನು ಪರಪುರುಷನೆದುರು ತವರಿನ ದುಃಖ ಹಾಡುವುದು ಗರತಿಗೆ ಒಪ್ಪುವ ನಡೆಯಲ್ಲ. ಸಂಬಂಧದ ಸಲಿಗೆ, ನೆರೆಹೊರೆಯ ನಂಬಿಗೆ ಇದ್ದಲ್ಲಿ ಮಾತ್ರ ಬಾಗಿಲು ತೆರೆದೀತು. ಊರಿನವರೇ ಆದ ಗೆಳೆಯರಿಗೆ ಆ ನಂಬಿಗೆ ದಕ್ಕಿತು.

1931ರಲ್ಲಿ 'ಗರತಿಯ ಹಾಡು' ಅಚ್ಚಾಯಿತು. ಅದಕ್ಕೆ ಮುನ್ನುಡಿಯ ಮಾತು ಬರೆದವರು ಬಿ. ಎಂ. ಶ್ರೀಕಂಠಯ್ಯ, ಮಾಸ್ತಿ ವೆಂಕಟೇಶ ಅಯ್ಯಂಗಾರ್ ಮತ್ತು ಬೇಂದ್ರೆ. ಮೈಸೂರು ಸೀಮೆಯ ಇಬ್ಬರು ಹಿರಿಯರೂ ಧಾರವಾಡದ ಕವಿಯೂ ಭೀಮಾತೀರದ ಬೀಸುಕಲ್ಲಿನ ಮುಂದೆ ಬಂದು ಕುಳಿತಂತಾಯಿತು. ನಾಡು ಇನ್ನೂ ಹಲವು ಆಳ್ವಿಕೆಗಳಲ್ಲಿ ಹರಿದು ಹಂಚಿಹೋಗಿದ್ದ ದಿನಗಳವು. ಏಕೀಕರಣಕ್ಕೆ ಇನ್ನೂ 25 ವರ್ಷ ಕಾಯಬೇಕಿತ್ತು.

1933ರಲ್ಲಿ 'ಜೀವನ ಸಂಗೀತ' ಬಂತು. ಅದು ಲಾವಣಿಗಳ ಸಂಗ್ರಹ. ಅದರೊಡನೆ ಧೂಲಾಸಾಹೇಬರ ಹೆಸರು ಕೂಡಿಕೊಂಡಿದೆ. ಡಪ್ಪಿನ ಬಡಿತಕ್ಕೆ ಹರದೇಶಿ-ನಾಗೇಶಿಯ ವಾದ ಹೂಡಿ ಬೆಳಗಿನವರೆಗೆ ಹಾಡುವ ಮೇಳಗಳ ಸೀಮೆಯಿದು. ಹಲಸಂಗಿಯ ಖಾಜಾಭಾಯಿ ಲಾವಣಿಕಾರರಲ್ಲಿ ಹೆಸರಾದ ಕವಿ. ಮುಸಲ್ಮಾನ ಕವಿ ಕಟ್ಟಿದ ಲಾವಣಿಯನ್ನು ಲಿಂಗಾಯತ ಕೇರಿ ತಲೆದೂಗಿ ಕೇಳುವುದೂ, ಶರಣರ ಮಾತನ್ನು ಧೂಲಾಸಾಹೇಬರಂಥವರು ಪ್ರೀತಿಯಿಂದ ಎತ್ತಿ ಆಡುವುದೂ ಅಲ್ಲಿ ವಿಶೇಷವೆನಿಸಿರಲಿಲ್ಲ. ವಿಶೇಷವೆನಿಸುವುದು ಇಂದು ಹಿಂದಿರುಗಿ ನೋಡುವವರಿಗೆ. 1935ರಲ್ಲಿ ರೇವಪ್ಪನವರ 'ಮಲ್ಲಿಗೆ ದಂಡೆ' ಹೊರಬಂತು. ಐದು ವರ್ಷಗಳ ಒಳಗೆ ಮೂರು ಸಂಗ್ರಹಗಳು — ಅದೂ ವಿಶ್ವವಿದ್ಯಾಲಯದ ನೆರವಿಲ್ಲದೆ, ಧ್ವನಿಮುದ್ರಣದ ಯಂತ್ರವಿಲ್ಲದೆ. ಕನ್ನಡದಲ್ಲಿ ಜಾನಪದವೆಂಬುದು ವಿದ್ವತ್ತಿನ ವಿಷಯವಾಗಿ ಬೆಳೆದದ್ದು ಇದರ ಬಹಳ ದಿನಗಳ ಮೇಲೆ.

ಹೊರಗೆ ಈ ಕೆಲಸ ನಡೆದಿರುವಾಗ ಮಧುರಚೆನ್ನರ ಒಳಗೆ ಬೇರೊಂದು ಹೋರಾಟ ನಡೆದಿತ್ತು. ಓದು ಅವರಿಗೆ ಬೆಳಕನ್ನಷ್ಟೇ ಕೊಡಲಿಲ್ಲ. ಹುಟ್ಟಿನಿಂದ ಬಂದ ನಂಬಿಕೆಯನ್ನು ಕಿತ್ತುಕೊಂಡೂ ಹೋಯಿತು. ದೇವರಿಲ್ಲವೆಂದು ಬಗೆದು, ಆ ಇಲ್ಲದಿರುವಿಕೆಯಲ್ಲಿ ನಿಲ್ಲಲೂ ಆಗದೆ ತೊಳಲಿದ ಆ ದಿನಗಳನ್ನು ಅವರು ಮರೆಮಾಚದೆ ಬರೆದರು. 'ಪೂರ್ವರಂಗ', 'ಕಾಳರಾತ್ರಿ', 'ಬೆಳಗು' ಎಂಬ ಹೆಸರುಗಳೇ ಆ ಪಯಣದ ಹಾದಿಯನ್ನು ಹೇಳುತ್ತವೆ. ಒಬ್ಬ ಮನುಷ್ಯ ತನ್ನ ಆತ್ಮದ ಗಾಯವನ್ನು ಹೀಗೆ ಬಿಚ್ಚಿ ತೋರಿಸಿದ ಬರೆಹ ಕನ್ನಡದಲ್ಲಿ ಅದುವರೆಗೆ ಅಪರೂಪ. ಕಾಳರಾತ್ರಿಯ ಆಚೆ ಅವರಿಗೆ ದೊರೆತ ನೆಲೆ ಅರವಿಂದರ ಯೋಗ. ಭೀಮಾತೀರದಿಂದ ಪಾಂಡಿಚೇರಿಗೆ ಹೋಗಿಬಂದರು. 'ನನ್ನ ನಲ್ಲ'ದಂಥ ಅನುಭಾವದ ಕವಿತೆ ಬರೆದರು. ಬೇಂದ್ರೆಯವರೂ ಅರವಿಂದರ ಗ್ರಂಥವನ್ನು 'ಭಾರತೀಯ ನವಜನ್ಮ' ಎಂದು ಕನ್ನಡಿಸಿದರು.

ಗೆಳೆತನವನ್ನೇ ವಸ್ತುವಾಗಿಸಿ ಮಧುರಚೆನ್ನರು ಬರೆದ ಕವಿತೆಯೂ ಒಂದುಂಟು, ಅದು 'ಮಧುರಗೀತ'. ಕನ್ನಡದ ಕವಿಗಳು ನಲ್ಲೆಗಾಗಿ, ದೇವರಿಗಾಗಿ, ನಾಡಿಗಾಗಿ ಧಾರಾಳವಾಗಿ ಹಾಡಿದ್ದಾರೆ. ಗೆಳೆಯನಿಗಾಗಿ ಇಷ್ಟು ಆರ್ತತೆಯಿಂದ ಹಾಡಿದವರು ಕಡಮೆ. ಮದುವೆ ಬೀಗತನಗಳಿಗೆ ಕುಲಗೋತ್ರದ ಲೆಕ್ಕವುಂಟು, ಹೊಲದ ನೆರೆತನಕ್ಕೆ ಬದುವಿನ ಲೆಕ್ಕವುಂಟು. ಒಂದೇ ಪುಸ್ತಕವನ್ನು ಮೆಚ್ಚಿದವರ ನಂಟಿಗೆ ಇಂಥ ಯಾವ ಕರಾರೂ ಇಲ್ಲ. ಅದಕ್ಕೇ ಅದು ಬೇಗ ಮುರಿಯುವುದೂ ಉಂಟು. ಹಲಸಂಗಿಯಲ್ಲಿ ಅದು ಮುರಿಯಲಿಲ್ಲವೆಂಬುದೇ ಸೋಜಿಗ.

1953ನೆಯ ಆಗಸ್ಟ್ 15ರಂದು ಮಧುರಚೆನ್ನರು ತೀರಿಕೊಂಡರು. ಸ್ವಾತಂತ್ರ್ಯದ ದಿನ, ಅರವಿಂದರು ಹುಟ್ಟಿದ ದಿನವೂ ಅದೇ. ವಯಸ್ಸು ಐವತ್ತು. ಸಿಂಪಿ ಲಿಂಗಣ್ಣನವರು ಅನಂತರ ನಾಲ್ಕು ದಶಕಗಳ ಕಾಲ ಬಾಳಿ, ಜನಪದ ಕಥೆ ಹಾಡುಗಳ ಕೆಲಸವನ್ನು ಬಿಡದೆ ನಡೆಸಿದರು. ಕೊಪ್ಪಳದಲ್ಲಿ ಸೇರಿದ 62ನೆಯ ಕನ್ನಡ ಸಾಹಿತ್ಯ ಸಮ್ಮೇಳನ ಈ ಕನ್ನಡ ಶಾಲೆಯ ಮಾಸ್ತರರನ್ನು ಅಧ್ಯಕ್ಷ ಪೀಠದಲ್ಲಿ ಕೂರಿಸಿತು. 1993ರಲ್ಲಿ ಅವರೂ ಕಾಲವಾದರು.

ಆ ಹೊತ್ತಿಗಾಗಲೇ ಹಿಟ್ಟಿನ ಗಿರಣಿ ಹಳ್ಳಿಹಳ್ಳಿಗೆ ಬಂದು ಬೀಸುಕಲ್ಲುಗಳು ಹಿತ್ತಲು ಸೇರಿದ್ದವು. ಹಾಡಿದ ತಾಯಂದಿರೂ ಒಬ್ಬೊಬ್ಬರಾಗಿ ಹೊರಟುಹೋದರು. ಅವರ ಹಾಡು 'ಗರತಿಯ ಹಾಡಿ'ನ ಪುಟಗಳಲ್ಲಿದೆ. ಅಚ್ಚಾದ ಆ ಪುಟವನ್ನು ಓದಲು ಅವರಲ್ಲಿ ಬಹುಮಂದಿಗೆ ಬರುತ್ತಿರಲಿಲ್ಲ.