ಆಸ್ಪ್ರೇಗೆ ಇಷ್ಟು ದಪ್ಪ ರೆಕ್ಕೆ ಏಕೆ?

ವಿ-22 ಆಸ್ಪ್ರೇ ವಿಮಾನದ ಚಿತ್ರ ಕಂಡವರ ಕಣ್ಣು ನೇರವಾಗಿ ರೆಕ್ಕೆಯ ತುದಿಯ ದೈತ್ಯ ರೋಟರುಗಳ ಮೇಲೆ ಹೋಗುತ್ತದೆ. ಅವು ಮೇಲ್ಮುಖವಾಗಿದ್ದರೆ ಹೆಲಿಕಾಪ್ಟರು, ಮುಂದಕ್ಕೆ ಬಾಗಿದರೆ ವಿಮಾನ. ನನ್ನ ಕುತೂಹಲ ಮಾತ್ರ ಆ ರೆಕ್ಕೆಯ ದಪ್ಪದ್ದು. ಅದು ರೆಕ್ಕೆಯ ಅಗಲದ ಶೇ 23ರಷ್ಟು. ವೇಗಕ್ಕೆ ಅಡ್ಡಿಯಾಗುವ ಇಂಥ ದಪ್ಪವನ್ನು ಯಾವ ವಿನ್ಯಾಸಕಾರರೂ ಸುಮ್ಮನೆ ಒಪ್ಪಿಕೊಳ್ಳುವುದಿಲ್ಲ.

ಇದರ ಉತ್ತರ ಬೇರೊಂದು ವಿಮಾನದ ದುರಂತಗಳಿಂದ ಶುರುವಾಗುತ್ತದೆ. 1959ರಲ್ಲಿ ಟೆಕ್ಸಾಸ್‌ನಲ್ಲಿ, 1960ರಲ್ಲಿ ಇಂಡಿಯಾನಾದಲ್ಲಿ ಲಾಕ್‌ಹೀಡ್ ಎಲೆಕ್ಟ್ರಾ ವಿಮಾನಗಳು ಹಾರುತ್ತಿದ್ದಾಗಲೇ ರೆಕ್ಕೆ ಕಳಚಿ ಬಿದ್ದವು. ಸತ್ತವರು 97 ಮಂದಿ. ನಾಸಾದ ಲ್ಯಾಂಗ್ಲಿ ಕೇಂದ್ರದಲ್ಲಿ ಎಂಟನೇ ಒಂದು ಅಳತೆಯ ಮಾದರಿ ಮಾಡಿ ಗಾಳಿ ಸುರಂಗದಲ್ಲಿಟ್ಟರು. ಕಾರಣ ಅಲ್ಲಿ ಕಂಡಿತು: ಎಂಜಿನ್ನಿನ ಹಿಡಿತ ಸಡಿಲವಾದಾಗ ಪ್ರೊಪೆಲರಿನ ಅಕ್ಷ, ಸೋಲುವ ಬುಗುರಿಯ ಹಾಗೆ ಓಲಾಡತೊಡಗುತ್ತದೆ. ವೇಗ ಏರಿದಾಗ ಗಾಳಿಯೇ ಆ ಓಲಾಟಕ್ಕೆ ಬಲ ತುಂಬುತ್ತದೆ. ಇದಕ್ಕೆ ವರ್ಲ್ ಫ್ಲಟರ್ ಎನ್ನುತ್ತಾರೆ. ಟೇಲರ್ ಮತ್ತು ಬ್ರೌನ್ ಎಂಬವರು 1938ರಲ್ಲೇ ಇದನ್ನು ಲೆಕ್ಕದಲ್ಲಿ ಕಂಡಿದ್ದರು. ಆ ಎಚ್ಚರಿಕೆಯನ್ನು ಆಗಲೇ ಯಾರಾದರೂ ಗಂಭೀರವಾಗಿ ತೆಗೆದುಕೊಂಡಿದ್ದರೆ ಎಂದು ಈಗಲೂ ಸಂಕಟವಾಗುತ್ತದೆ.

ರೆಕ್ಕೆಯ ತುದಿಯಲ್ಲೇ ಭಾರವಾದ ರೋಟರ್ ಹೊರುವ ವಿಮಾನಕ್ಕೆ ಈ ಅಪಾಯ ಇನ್ನೂ ಹೆಚ್ಚು. 1955ರಲ್ಲಿ ಮೊದಲು ಹಾರಿದ ಇಂಥದೇ ವಿಮಾನ, ಬೆಲ್ ಕಂಪನಿಯ ಎಕ್ಸ್‌ವಿ-3ರ ರೋಟರ್ 1966ರಲ್ಲಿ ನಾಸಾದ ಏಮ್ಸ್ ಕೇಂದ್ರದ ಗಾಳಿ ಸುರಂಗದಲ್ಲಿ ಕಿತ್ತುಹೋಯಿತು. ಅದೇ ವರ್ಷ ಬೆಲ್‌ನ ಅರ್ಲ್ ಹಾಲ್ ಇಂಥ ರೋಟರು ವೇಗದಲ್ಲಿ ಏಕೆ ಅಸ್ಥಿರವಾಗುತ್ತದೆಂದು ವಿಶ್ಲೇಷಿಸಿದರು. ಬಾಗದ, ತಿರುಚಿಕೊಳ್ಳದ ರೆಕ್ಕೆ ಬೇಕೆಂಬುದು ಖಚಿತವಾಯಿತು; ಆ ಬಿಗಿ ಬರುವುದು ದಪ್ಪದಿಂದ. ದಪ್ಪ ರೆಕ್ಕೆಯ ಎಕ್ಸ್‌ವಿ-15 1977ರಲ್ಲಿ ಮೇಲೇರಿತು. 1979ರಲ್ಲಿ ಹೆಲಿಕಾಪ್ಟರಿನಿಂದ ವಿಮಾನವಾಗಿ ಪೂರ್ತಿ ಬದಲಾಯಿತು.

ಇಂಥ ವಿಮಾನವನ್ನು ಸುರಂಗದಲ್ಲಿ ಪರೀಕ್ಷಿಸಲು ಮಾದರಿ ಮಾಡುವುದೇನೂ ಸುಲಭವಲ್ಲ. ಐದನೇ ಒಂದು ಅಳತೆಯ ರೋಟರಿನ ತುದಿ ನಿಜವಾದದ್ದರ ವೇಗ ಮುಟ್ಟಬೇಕಾದರೆ ಐದು ಪಟ್ಟು ಹೆಚ್ಚು ಸುತ್ತು ತಿರುಗಬೇಕು. ರೆಕ್ಕೆಯ ತೂಕ, ಬಳುಕುವಿಕೆಗಳೂ ಅದೇ ಲೆಕ್ಕದಲ್ಲಿ ಇಳಿಯಬೇಕು. ಲ್ಯಾಂಗ್ಲಿಯವರು ಕಂಡುಕೊಂಡ ದಾರಿ ನನಗೆ ಬಹಳ ಮೆಚ್ಚುಗೆ: ಸುರಂಗದಲ್ಲಿ ಗಾಳಿಯ ಬದಲು ಫ್ರಿಯಾನ್-12 ಅನಿಲ ತುಂಬಿದರು. ಅದರಲ್ಲಿ ಶಬ್ದದ ವೇಗ ಗಾಳಿಯಲ್ಲಿರುವುದರ ಅರ್ಧಕ್ಕಿಂತ ಕಡಿಮೆ. ಹಾಗಾಗಿ ಶಬ್ದವೇಗಕ್ಕೆ ಹೋಲಿಸಿದರೆ ನಿಜವಾದ ರೋಟರಿನಷ್ಟೇ ಜೋರಾಗಿ ಓಡಲು ಮಾದರಿ ಅಷ್ಟೊಂದು ಬಿರುಸಾಗಿ ತಿರುಗಬೇಕಿಲ್ಲ. ಅನಿಲ ಭಾರವಾದ್ದರಿಂದ ಮಾದರಿಯನ್ನೂ ಗಟ್ಟಿಯಾಗಿ ಕಟ್ಟಬಹುದು. 1980ರ ದಶಕದಲ್ಲಿ ಆಸ್ಪ್ರೇಯ ಮಾದರಿ ಈ ಸುರಂಗದಲ್ಲೇ ಪರೀಕ್ಷೆಗೆ ನಿಂತಿತು. 1989ರಲ್ಲಿ ವಿಮಾನ ಹಾರಿತು.

ದಪ್ಪ ಇಳಿಸುವ ಆಸೆ ಅಲ್ಲಿಗೇ ನಿಲ್ಲಲಿಲ್ಲ. 1990ರ ದಶಕದಲ್ಲಿ ನಾರುಗಳ ದಿಕ್ಕನ್ನು ಹೊಂದಿಸಿ ಕಟ್ಟಿದ ಶೇ 18 ದಪ್ಪದ ಸಂಯುಕ್ತ ವಸ್ತುವಿನ ರೆಕ್ಕೆಯೊಂದು, ಮಾದರಿಯ ರೂಪದಲ್ಲಿ, ಅದೇ ಸುರಂಗವನ್ನು ಹೊಕ್ಕಿತು.