ಮೊಮ್ಮಗಳಿಗೊಂದು ಕ್ಯೂ

"ತಾತ, ನಂಗೊಂದು ಕ್ಯೂ ಬೇಕು. ನನ್ ಜೊತೆ ಬರ್ತೀಯಾ?" ಎಂದು ಮೊಮ್ಮಗಳು ಕೇಳಿದಾಗ ನಾನು ನಕ್ಕುಬಿಟ್ಟೆ. 35 ವರ್ಷ ಬ್ಯಾಂಕಿನ ಕೌಂಟರಿನ ಒಳಗೆ ಕೂತವನಿಗೆ ಕ್ಯೂ ಎಂದರೆ ಒಂದನೇ ತಾರೀಖು ಪಿಂಚಣಿದಾರರು ನಿಲ್ಲುವ ಸಾಲು. ಅದನ್ನು ಯಾರಾದರೂ ದುಡ್ಡು ಕೊಟ್ಟು ಕೊಳ್ಳುತ್ತಾರೆಯೇ? ಆಮೇಲೆ ತಿಳಿಯಿತು, ಅವಳಿಗೆ ಬೇಕಾಗಿದ್ದು ಪೂಲ್ ಆಡುವ ಕೋಲು.

ಅವರ ಅಪಾರ್ಟ್‌ಮೆಂಟಿನ ಕ್ಲಬ್‌ಹೌಸಿನಲ್ಲಿ ಒಂದು ಪೂಲ್ ಟೇಬಲ್ ಇದೆ. ಅಲ್ಲಿನ ಕೋಲುಗಳೆಲ್ಲ ನೂರಾರು ಕೈ ದಾಟಿ ಸೊಟ್ಟಗಾಗಿವೆ. ಹಬ್ಬಕ್ಕೆ, ಹುಟ್ಟುಹಬ್ಬಕ್ಕೆ ಸಿಕ್ಕಿದ್ದನ್ನು ನಾಲ್ಕು ವರ್ಷ ಕೂಡಿಟ್ಟು ಪುಟ್ಟಿ 6,000 ರೂಪಾಯಿ ಮಾಡಿಕೊಂಡಿದ್ದಳು. ಹೊಸದು ಅಷ್ಟಕ್ಕೆ ಬರುವುದಿಲ್ಲ, ಹಾಗಾಗಿ ಸೆಕೆಂಡ್ ಹ್ಯಾಂಡ್. ನನ್ನಾಕೆ, "ಒಂಬತ್ತನೇ ಕ್ಲಾಸಿನ ಹುಡುಗಿಗೆ ಪೂಲ್ ಯಾಕೆ? ಸಿನಿಮಾದಲ್ಲಿ ರೌಡಿಗಳು ಆಡೋದಲ್ವಾ ಅದು?" ಎಂದಳು. ಬೆಂಗಳೂರಿನಲ್ಲೇ ಬೆಳೆದ ಪಂಕಜ್ ಅಡ್ವಾಣಿ ಬಿಲಿಯರ್ಡ್ಸ್, ಸ್ನೂಕರ್‌ಗಳಲ್ಲಿ 20ಕ್ಕೂ ಹೆಚ್ಚು ವಿಶ್ವ ಪ್ರಶಸ್ತಿ ಗೆದ್ದವರು, ಪೂಲ್ ಕೂಡ ಅದೇ ಮನೆತನದ ಆಟ ಎಂದು ಪುಟ್ಟಿ ಹೇಳಿದಳು. ಅಜ್ಜಿ "ಹೂಂ" ಎಂದಳು, ಅಷ್ಟೆ.

ದುಡ್ಡು ನನ್ನದಾಗಿದ್ದರೆ ಹೋದರೆ ಹೋಗಲಿ ಎನ್ನುತ್ತಿದ್ದೆ. ಇದು ಅವಳ ನಾಲ್ಕು ವರ್ಷದ ದುಡ್ಡು.

ಕೊಳ್ಳುವ ಮೊದಲು ಯಾವ ಆಟದ ಕೋಲು ಎಂದು ನೋಡಬೇಕಂತೆ. ಸ್ನೂಕರ್ ಕೋಲು ಹೆಚ್ಚಾಗಿ ಆಶ್ ಮರದ್ದು, ತುದಿ 9-10 ಮಿಲಿಮೀಟರ್ ಸಣ್ಣ. ಪೂಲ್ ಕೋಲಿನ ಮುಂಭಾಗ ಸಾಮಾನ್ಯವಾಗಿ ಮೇಪಲ್ ಮರದ್ದು, ತುದಿ 12-13 ಮಿಲಿಮೀಟರ್. ಪೂಲಿನ ಚೆಂಡು ಸ್ನೂಕರಿನದಕ್ಕಿಂತ ದೊಡ್ಡದು, ಭಾರ. ಸಣ್ಣ ತುದಿಯ ಕೋಲು ಅದಕ್ಕೆ ಹೇಳಿದ್ದಲ್ಲ. ಪೂಲ್ ಕೋಲು ನಡುವೆ ಎರಡು ತುಂಡಾಗುತ್ತದೆ. ಮುಂದಿನ ಸಪೂರ ತುಂಡು ಶಾಫ್ಟ್, ಹಿಂದಿನ ದಪ್ಪ ತುಂಡು ಬಟ್. ನಡುವೆ ತಿರುಪಿನ ಪಿನ್. ಒಟ್ಟು ಉದ್ದ ಸುಮಾರು 58 ಇಂಚು, ತೂಕ ಸುಮಾರು 19 ಔನ್ಸ್, ಅಂದರೆ ಅರ್ಧ ಕೆಜಿಗಿಂತ ಚೂರು ಜಾಸ್ತಿ. ತೂಕ ಸ್ವಲ್ಪ ಹೆಚ್ಚುಕಮ್ಮಿ ಇದ್ದರೆ ಯೋಚನೆ ಬೇಡ. ಎಷ್ಟೋ ಕೋಲುಗಳ ಹಿಂಬದಿಯ ರಬ್ಬರ್ ತೆಗೆದರೆ ಒಳಗೆ ಬೋಲ್ಟ್ ಇರುತ್ತದೆ, ಬದಲಾಯಿಸಬಹುದು.

ಮೊದಲು ನೋಡಿದ ಕೋಲು ವಿದೇಶಕ್ಕೆ ಹೊರಟಿದ್ದ ಒಬ್ಬ ಯುವಕನದು. ಅಮೆರಿಕದ ದೊಡ್ಡ ಹೆಸರು ಬಂಗಾರದ ಬಣ್ಣದಲ್ಲಿ ಬರೆದಿತ್ತು. ಬಟ್ ತುಂಬ ಕೆಂಪು, ನೀಲಿ, ಕಪ್ಪು ಬಾಣದ ಚಿತ್ತಾರ. 9,000 ಹೇಳಿ, 6,000ಕ್ಕೆ ಇಳಿದ. ಪುಟ್ಟಿಯ ಕಣ್ಣು ಮಿನುಗಿತು. ನಿಜ ಹೇಳಬೇಕೆಂದರೆ ನನ್ನದೂ.

ಆಗ ನೆನಪಾದವರು ನಮ್ಮ ಶಾಖೆಯ ಅಪ್ರೈಸರ್. ಚಿನ್ನದ ಸಾಲಕ್ಕೆ ಒಡವೆ ಬಂದಾಗ ಅವರು ಮೊದಲು ಅಂಗಡಿಯ ಹೆಸರಿದ್ದ ಡಬ್ಬಿಯನ್ನು ಪಕ್ಕಕ್ಕೆ ಸರಿಸುತ್ತಿದ್ದರು. ಆಮೇಲೆ ಒರೆಗಲ್ಲು. ಹರಳು, ಒಳಗಿನ ಅರಗು ಎಲ್ಲ ಕಳೆದು ನಿವ್ವಳ ತೂಕ ಬರೆಯುತ್ತಿದ್ದರು. ಒಡವೆ ತಂದವರಿಗೆ ಬೇಸರವಾಗುತ್ತಿತ್ತು, ಎಷ್ಟು ಚೆಂದದ ಹರಳು ಎಂದು!

ಜೇಬಿನಲ್ಲಿದ್ದ ನನ್ನ ಓದುವ ಭೂತಗನ್ನಡಿ ತೆಗೆದು ಪುಟ್ಟಿಗೆ ಕೊಟ್ಟೆ. ಅವಳು ಬಾಣದ ಚಿತ್ತಾರದ ಮೇಲಿಟ್ಟು ನೋಡಿ, "ತಾತ, ಪೇಪರಿನ ಫೋಟೊ ಥರ ಚುಕ್ಕಿ ಚುಕ್ಕಿ ಇದೆ" ಎಂದಳು. ಮರದ ಮೇಲೆ ಅಂಟಿಸಿ ವಾರ್ನಿಷ್ ಬಳಿದ ಅಚ್ಚಿನ ಹಾಳೆ ಅದು. ನಿಜವಾಗಿ ಬೇರೆ ಮರ ಕೂಡಿಸಿದ್ದರೆ ಪ್ರತಿ ತುಂಡಿನ ಎಳೆಯೂ ಬೇರೆ ಬೇರೆಯಾಗಿ ಕಾಣುತ್ತದೆ. ಅಂಟಿಸಿದ ಹಾಳೆಯಿದ್ದ ಮಾತ್ರಕ್ಕೆ ಆಟಕ್ಕೆ ಬಾರದು ಎಂದಲ್ಲ. ಆದರೆ ಕೂಡಿಸಿದ ಮರದ ಬೆಲೆ ಕೇಳುವಂತಿಲ್ಲ. ಜೋಡಿಸಿದ ಕೋಲನ್ನು ಮೇಜಿನ ಮೇಲೆ ಉರುಳಿಸಿದೆವು. ತುದಿ ಏಳುತ್ತ ಬೀಳುತ್ತ ಹೋಯಿತು. ಶಾಫ್ಟನ್ನು ಮಾತ್ರ ಉರುಳಿಸಿದರೂ ಅದೇ ಕುಣಿತ. ಬಾಗಿದ ಶಾಫ್ಟನ್ನು ನಂಬಿಕೆಯಾಗಿ ನೆಟ್ಟಗೆ ಮಾಡಿಕೊಡುವವರಿಲ್ಲ. ಥ್ಯಾಂಕ್ಸ್ ಹೇಳಿ ಬಂದೆವು. ಆ ಹುಡುಗನೂ ಹೆಸರು ನೋಡಿ ಮೋಸಹೋಗಿ ಕೊಂಡವನೇ ಇರಬೇಕು, ಪಾಪ.

ಹೆಸರಿನ ಮಾತು ಬಂತಲ್ಲ. ಪೂಲ್ ಲೋಕದ ಅತಿ ದೊಡ್ಡ ಹೆಸರು ಜಾರ್ಜ್ ಬಲಬುಷ್ಕ. ರಷ್ಯಾದಲ್ಲಿ ಹುಟ್ಟಿ, ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ನೆಲೆಸಿ, ಮಕ್ಕಳಿಗೆ ಮರದ ಆಟಿಕೆ ಮಾಡುತ್ತಿದ್ದವನು. ನಮ್ಮ ಚನ್ನಪಟ್ಟಣದವರ ಕಸುಬು ಅನ್ನಿ! 1959ರಲ್ಲಿ ಕ್ಯೂ ಮಾಡಲು ಆರಂಭಿಸಿ 1975ರಲ್ಲಿ ತೀರಿಕೊಳ್ಳುವವರೆಗೂ ಮಾಡಿದ. ಇಂದು ಅವನ ಕೋಲಿಗೆ ಸಂಗ್ರಾಹಕರು ಲಕ್ಷಗಟ್ಟಲೆ ರೂಪಾಯಿ ಕೊಡುತ್ತಾರೆ. ಹಾಗಾಗಿ ನಕಲಿಗಳೂ ಹುಟ್ಟಿಕೊಂಡಿವೆ. 1986ರ 'ದಿ ಕಲರ್ ಆಫ್ ಮನಿ' ಎಂಬ ಹಾಲಿವುಡ್ ಚಿತ್ರದಲ್ಲಿ ನಾಯಕ ಒಂದು ಕೋಲನ್ನು ಬಲಬುಷ್ಕ ಎಂದು ಭಕ್ತಿಯಿಂದ ಕೈಗೆತ್ತಿಕೊಡುತ್ತಾನೆ. ಚಿತ್ರೀಕರಣಕ್ಕೆ ಬಳಸಿದ್ದು ಜಾಸ್ ಎಂಬ ಬೇರೆ ಕಂಪನಿಯ ಕೋಲು! ಸಿನಿಮಾದವರಿಗೇ ಅಸಲಿ ಬೇಕಾಗಲಿಲ್ಲ.

ಎರಡನೆಯ ಕೋಲು ಮಲ್ಲೇಶ್ವರದಲ್ಲಿ, ನನ್ನದೇ ವಯಸ್ಸಿನ ಒಬ್ಬರ ಮನೆಯಲ್ಲಿ. ಮಗ ಬಿಟ್ಟುಹೋದದ್ದಂತೆ. ಸಾದಾ ಮೇಪಲ್, ಬಟ್‌ನಲ್ಲಿ ಕಪ್ಪು ಮರದ ನಾಲ್ಕು ಮೊನೆ. ಭೂತಗನ್ನಡಿಯಲ್ಲಿ ಅಪ್ಪಟ ಮರ. ಅವರು ಕೇಳಿದ್ದು 5,500.

ಜೋಡಿಸಿ ಉರುಳಿಸಿದೆ. ಇದೂ ಕುಣಿಯಿತು. "ಬೇಡ ಪುಟ್ಟಿ, ನಡಿ" ಎಂದೆ. ಅವಳು ನಡೆಯಲಿಲ್ಲ. ಕೋಲನ್ನು ಬಿಚ್ಚಿ ಎರಡೂ ತುಂಡುಗಳನ್ನು ಬೇರೆ ಬೇರೆಯಾಗಿ ಉರುಳಿಸಿದಳು. ಎರಡೂ ಸದ್ದಿಲ್ಲದೆ ಉರುಳಿದವು. ಹಾಗಾದರೆ ದೋಷ ಕೂಡುವ ಜಾಗದಲ್ಲಿ! ನೋಡಿದರೆ ಜಾಯಿಂಟಿನ ಅಂಚಿನಲ್ಲಿ ಹಳೇ ಮೇಣವೂ ಧೂಳೂ ಸೇರಿ ಹಕ್ಕಳೆ ಕಟ್ಟಿತ್ತು. ಬಟ್ಟೆಯಲ್ಲಿ ಒರೆಸಿ ಮತ್ತೆ ತಿರುಪಿದಳು. ಈ ಸಲ ಲಟ್ಟಣಿಗೆಯಂತೆ ಉರುಳಿತು. ನಾನು ಹೇಳಿದಂತೆ ಕೇಳಿದ್ದರೆ ಒಳ್ಳೆಯ ಕೋಲು ಬಿಟ್ಟುಬರುತ್ತಿದ್ದೆವು.

ಬಟ್‌ನ ಹಿಂಬದಿಯನ್ನು ಮೆಲ್ಲಗೆ ನೆಲಕ್ಕೆ ತಟ್ಟಿದಳು. ಗಿಲಿಗಿಲಿ ಸದ್ದು ಬಂದರೆ ಒಳಗೆಲ್ಲೋ ಸಡಿಲವಾಗಿದೆ ಎಂದರ್ಥ. ಬರಲಿಲ್ಲ. ಜಾಯಿಂಟಿನ ಬಳಿ ಬಿರುಕಿಲ್ಲ. ತುದಿಯ ಬಿಳಿ ಬಳೆ, ಅದಕ್ಕೆ ಫೆರೂಲ್ ಅನ್ನುತ್ತಾರೆ, ಗಟ್ಟಿಯಾಗಿತ್ತು. ಚರ್ಮದ ಟಿಪ್ ಮಾತ್ರ ಸವೆದು ಅಣಬೆಯಂತೆ ಹರಡಿತ್ತು. ಅದು ದೊಡ್ಡ ಖರ್ಚಲ್ಲ, ಶೂಗೆ ಹೊಸ ಅಟ್ಟೆ ಹಾಕಿಸಿದಂತೆ.

ಚೀಲದಲ್ಲಿ ಇನ್ನೊಂದು ಶಾಫ್ಟ್ ಇತ್ತು. "ಅದೊಂದು ಕಡ್ಡಿ, ಹಾಗೇ ತಗೊಂಡ್ಹೋಗಮ್ಮ" ಎಂದರು ಅವರು. ಪುಟ್ಟಿ ತಿರುಪಿ ನೋಡಿದಳು. ಸರಿಯಾಗಿ ಕೂತಿತು. ಪಿನ್ನಿನ ದಪ್ಪ, ತಿರುಪು ಹಲವು ಬಗೆ. ಒಂದರ ಶಾಫ್ಟ್ ಇನ್ನೊಂದಕ್ಕೆ ಕೂತೇ ಕೂರುತ್ತದೆ ಎನ್ನುವಂತಿಲ್ಲ. ಹೊಂದುವ ಎರಡನೇ ಶಾಫ್ಟ್ ಎಂದರೆ ಅರ್ಧ ಕ್ಯೂ ಇದ್ದಂತೆ. ಅವಳು ನನ್ನ ಮುಖ ನೋಡಿದಳು. ನಾನೂ ಒಂದು ಗಳಿಗೆ ಸುಮ್ಮನಿದ್ದೆ, ಸುಳ್ಳೇಕೆ. ಆದರೆ ಸಂಜೆ ಕ್ಯಾಶ್ ಕಟ್ಟುವಾಗ ಕಡಿಮೆ ಬಂದರೂ ತೋರಿಸಬೇಕು, ಹೆಚ್ಚು ಬಂದರೂ ತೋರಿಸಬೇಕು. ಅಭ್ಯಾಸ ಹೋಗುವುದಿಲ್ಲ. ಅದು ಕಡ್ಡಿಯಲ್ಲ ಎಂದು ಅವರಿಗೆ ಹೇಳಿದೆ.

"ಹಾಗಾದ್ರೆ ನೀವೇ ಬೆಲೆ ಕಟ್ಟಿ" ಎಂದರು.

ಪುಟ್ಟಿ ಲೆಕ್ಕ ಬರೆದಳು. ಇದೇ ಬಗೆಯದು ಹೊಸದಕ್ಕೆ 11,000 ಎಂದು ಮೊದಲೇ ಎರಡು ಅಂಗಡಿ ವಿಚಾರಿಸಿದ್ದಳು. ಗ್ಯಾರಂಟಿ ಇಲ್ಲದ ಹಳೆಯದಕ್ಕೆ ಅರ್ಧ ಎಂಬುದು ನಮ್ಮ ಮನೆಯ ಸೂತ್ರ: 5,500. ಟಿಪ್ ಖರ್ಚು 300 ಕಳೆದರೆ 5,200. ಬಳಸಿದ ಎರಡನೇ ಶಾಫ್ಟಿಗೆ 1,500. ಒಟ್ಟು 6,700. ಬರೆದು ಮುಗಿಸಿದ ಮೇಲೆ ಅವಳಿಗೆ ಹೊಳೆಯಿತು, ತನ್ನ ಹತ್ತಿರ ಇರುವುದು 6,000. ಮುಖ ಸಣ್ಣದಾಯಿತು. ಅವರು "6,000 ಸಾಕು ಬಿಡಮ್ಮ" ಎಂದರು. ಅವಳು ಒಪ್ಪಲಿಲ್ಲ. ಕೊನೆಗೆ 700 ನಾನು ಸಾಲ ಕೊಟ್ಟೆ. ಬಡ್ಡಿಯಿಲ್ಲ, ತಿಂಗಳಿಗೆ 100ರಂತೆ ಏಳು ಕಂತು.

ಮೂರು ಕಂತು ಬಂದಿವೆ. ಬೇಸಿಗೆ ರಜೆಗೆ ಪುಟ್ಟಿ ಕೋಲಿನ ಸಮೇತ ನಮ್ಮಲ್ಲಿಗೆ ಬಂದಿದ್ದಾಳೆ. ನಿನ್ನೆ ಅದನ್ನು ಹಾಲಿನ ಮೂಲೆಯಲ್ಲಿಟ್ಟು ತಿಂಡಿಗೆ ಹೋದಳು. ಅಡುಗೆಮನೆಯಿಂದ ಅಜ್ಜಿಯ ದನಿ ಕೇಳಿತು: "ಗೋಡೆಗೆ ಒರಗಿಸಬೇಡ ಕಣೇ, ಬಗ್ಗೋಗತ್ತೆ!"